ಹುಳು ಜ್ವರಕ್ಕೆ ಕೂತ ದಿನ ನನಗೆ ಸಿಕ್ಕ ರಜೆ

ಮಕ್ಕಳೇ, ಕೈಯಿಂದ ಒಂದು ಕಾಸೂ ಬಿಚ್ಚದೆ, ಯಾರ ಹಂಗಿಗೂ ಬೀಳದೆ, ಒಂದು ದಿನದ ಮಟ್ಟಿಗೆ ಮನೆಯ ಜಂಜಾಟದಿಂದ ಪಾರಾಗುವುದು ಬಹಳ ಸುಲಭ. ಬೆಳಿಗ್ಗೆ ಎದ್ದು ತಲೆಗೆ ಎಣ್ಣೆ ಹಚ್ಚಿ ಬಾಚಿಕೊಳ್ಳಬೇಕು. ಆಧಾರ್ ಕಾರ್ಡನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳಬೇಕು. ಸರ್ಕಾರಿ ಬಸ್ಸು ಹತ್ತಬೇಕು. ಹೆಂಗಸರಿಗೆ ಟಿಕೆಟ್ ಪುಕ್ಕಟೆ. ಎಲ್ಲಾದರೂ ಮರದ ನೆರಳಲ್ಲಿ ಕೂತು, ಕಟ್ಟಿಕೊಂಡು ಹೋದದ್ದನ್ನು ತಿಂದು, ಸಂಜೆ ಬಸ್ಸಿಗೆ ವಾಪಸ್ಸು ಬರಬೇಕು. ಇಷ್ಟೇ. ಏಳನೇ ಕ್ಲಾಸಿನವರೆಗೆ ಓದಿದ ಯಾರು ಬೇಕಾದರೂ ಮಾಡಬಹುದಾದ ಕೆಲಸ. ನಾನೂ ಏಳನೇ ಕ್ಲಾಸಿನವರೆಗೆ ಓದಿದವಳೇ.

ಆದರೂ ಮಾಡಲಾಗಲಿಲ್ಲ.

ಆ ದಿನ ನೀವಿಬ್ಬರೂ ಶಾಲೆಗೆ ಹೋಗಿದ್ದಿರಿ. ಸಂಜೆ ಬಂದು ನೋಡಿದಾಗ ಹಿತ್ತಿಲ ಬಾಗಿಲು ಕಿತ್ತು ಬಂದು ಗೋಡೆಗೆ ಒರಗಿ ನಿಂತಿತ್ತು. ನಾನು ಮಂಚದ ಮೇಲೆ ಮಲಗಿದ್ದೆ. ಮನೆಯಲ್ಲಿ ಯಾರೂ ಯಾರ ಜೊತೆಗೂ ಮಾತಾಡುತ್ತಿರಲಿಲ್ಲ. ಏನಾಯಿತೆಂದು ನೀವು ಕೇಳಿದ್ದಕ್ಕೆ ನಿಮ್ಮಮ್ಮ, "ನಿಮ್ಮಜ್ಜಿ ರಜಕ್ಕೆ ಹೋಗಿದ್ರು" ಎಂದು ಹೇಳಿ ಒಳಗೆ ಹೋದಳು. ಉಳಿದದ್ದನ್ನು ನಾನು ಹೇಳಬೇಕು. ಬಾಯಲ್ಲಿ ಹೇಳಲು ನಾಚಿಕೆ, ಅದಕ್ಕೆ ಬರೆಯುತ್ತಿದ್ದೇನೆ. ನಗು ಬಂದರೆ ನನ್ನೆದುರಿಗೆ ನಗಬೇಡಿ, ಕೊಟ್ಟಿಗೆಯ ಕಡೆ ಹೋಗಿ ನಗಿ.

ಅವತ್ತು ನಮ್ಮ ಹುಳು ನಾಲ್ಕನೇ ಜ್ವರಕ್ಕೆ ಕೂತಿದ್ದವು. ರೇಷ್ಮೆ ಸಾಕುವ ಮನೆಯಲ್ಲಿ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ನೀವಿಬ್ಬರೂ ಹುಳುಮನೆಗೆ ಕಾಲಿಡುವುದು ಮೊಬೈಲಿನ ಚಾರ್ಜರ್ ಹುಡುಕುವುದಕ್ಕೆ ಮಾತ್ರ, ಆದ್ದರಿಂದ ಹೇಳುತ್ತೇನೆ. ಹುಳು ಪೊರೆ ಬಿಡುವ ಮುಂಚೆ ತಲೆಯೆತ್ತಿಕೊಂಡು ಹೆಚ್ಚೂ ಕಡಿಮೆ ಒಂದು ದಿನ ಅಲ್ಲಾಡದೆ ಕೂರುತ್ತದೆ. ಅದಕ್ಕೇ ನಾವು ಜ್ವರ ಎನ್ನುವುದು. ಆಗ ಅದಕ್ಕೆ ಸೊಪ್ಪು ಬೇಡ. ಹೊತ್ತು ಹೊತ್ತಿಗೆ ಸೊಪ್ಪು ಕೊಯ್ದು, ಹೊತ್ತು ತಂದು, ಹಾಸಿ ಸೋತವರಿಗೆ ಉಸಿರಾಡಲು ಸಿಗುವುದು ಅದೊಂದೇ ದಿನ. ನಾಲ್ಕನೇ ಜ್ವರ ಎದ್ದ ಮೇಲಂತೂ ಅವಕ್ಕೆ ಎಂಥ ಹಸಿವೆಂದರೆ, ವಾರವಿಡೀ ಮನೆಯವರ ಹೊಟ್ಟೆಯ ಕಡೆ ನೋಡುವವರೇ ಇರುವುದಿಲ್ಲ.

ಹಿಂದಿನ ದಿನ ಸಂಜೆ ನಾನು ಡೈರಿಗೆ ಸೀಮೆಹಸುವಿನ ಹಾಲು ಹಾಕಿ ಬಂದು ಜಗಲಿಯ ಮೇಲೆ ಕೂತಿದ್ದೆ. ನಿಮ್ಮಮ್ಮ ಬಂದು ನನ್ನ ಪಕ್ಕದಲ್ಲಿ ನಿಂತಳು.

"ಅತ್ತೆ, ನಾಳೆ ಹುಳ ಜ್ವರಕ್ಕೆ ಕೂತ್ಕತವೆ. ನೀವು ಕಬ್ಬಾಳಿಗೆ ಹೋಗಿ ಅಮ್ಮನ ದರ್ಶನ ಮಾಡ್ಕಂಡು, ಒಸಿ ಆರಾಮಾಗಿ ಕೂತಿದ್ದು ಬನ್ನಿ. ಬೇಗ ಬರದೇನು ಬ್ಯಾಡ. ಸಾಯಂಕಾಲದ ಬಸ್ಸಿಗೇ ಬನ್ನಿ."

ಈ ಮಾತಿನಲ್ಲಿ ತಪ್ಪೇನಿದೆ ಎಂದು ನೀವು ಕೇಳಬಹುದು. ಏನೂ ತಪ್ಪಿರಲಿಲ್ಲ. ಅದೇ ನನಗೆ ಸರಿಬರಲಿಲ್ಲ.

ನಾನು ಈ ಮನೆಗೆ ಸೊಸೆಯಾಗಿ ಬಂದವಳು, ಅತ್ತೆಯಾದವಳು, ಈಗ ಅಜ್ಜಿಯಾದವಳು. ಇಷ್ಟೂ ಕಾಲದಲ್ಲಿ ಯಾರೂ ನನಗೆ ಆರಾಮಾಗಿ ಕೂತಿದ್ದು ಬಾ ಎಂದು ಹೇಳಿದ್ದಿಲ್ಲ. ಅದರಲ್ಲೂ ಬೇಗ ಬರಬೇಡ ಎನ್ನುವುದೆಂದರೇನು? ಬೇಗ ಬಂದರೆ ನಾನು ಏನನ್ನು ನೋಡಿಬಿಡುತ್ತೇನೆ?

ಒಂದು ಸಲ ಅನುಮಾನ ಬಂತೆಂದರೆ ಅದಕ್ಕೆ ಬೇಕಾದ್ದೆಲ್ಲ ತಾನಾಗಿ ಒದಗುತ್ತದೆ. ಎರಡು ದಿನದ ಹಿಂದೆ ದನದ ದಲ್ಲಾಳಿಯೊಬ್ಬ ನಮ್ಮ ಬೀದಿಯಲ್ಲಿ ಓಡಾಡಿದ್ದ. ನಮ್ಮ ಕೊಟ್ಟಿಗೆಯ ಮುಂದೆ ನಿಂತು ಕೆಂಪಿಯ ಬಾಯಿ ತೆರೆಸಿ ಹಲ್ಲು ನೋಡಿದ್ದ. ಕೆಂಪಿ ನಿಮ್ಮ ತಾತ ತಮ್ಮ ಕೈಯಾರೆ ಹಿಡಿದು ತಂದ ಕೊನೆಯ ಕರು. ಈಗ ಅದಕ್ಕೆ ವಯಸ್ಸಾಗಿದೆ, ಹಾಲು ಬತ್ತಿದೆ. ಹಾಲಿಲ್ಲದ ಹಸುವಿಗೆ ಹುಲ್ಲು ಯಾಕೆ ಎಂದು ಊರಿನವರು ಆಗಾಗ ನಿಮ್ಮಪ್ಪನ ಕಿವಿಗೆ ಹಾಕುತ್ತಲೇ ಇದ್ದರು. ನಾನು ಜನರ ಹತ್ತಿರ ಮಾತಾಡುವುದು ಕಡಿಮೆ. ಆಡಬೇಕಾದ ಮಾತೆಲ್ಲ ಕೆಂಪಿಯ ಹತ್ತಿರವೇ ಆಡುವುದು. ತಾತ ಹೋದ ಮೇಲೆ ನನ್ನ ಮಾತನ್ನು ಪೂರ್ತಿ ಕೇಳಿಸಿಕೊಳ್ಳುವವಳು ಅವಳೊಬ್ಬಳೇ.

ಅದೇ ಸಂಜೆ ಇನ್ನೊಂದು ನಡೆಯಿತು. ನಿಮ್ಮಮ್ಮ ಅವಳ ತಂಗಿಗೆ ಫೋನಿನಲ್ಲಿ, "ನಾಳೆ ಅತ್ತೆ ಇರಕಿಲ್ಲ, ಫೋನ್ ಮಾಡ್ಬ್ಯಾಡ" ಎಂದು ಮೆಲ್ಲಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು. ಅತ್ತೆ ಇಲ್ಲದ ದಿನವಲ್ಲವೇ ಸೊಸೆಯಂದಿರು ಫೋನಿಗೆ ಅಂಟಿಕೊಳ್ಳುವುದು? ಫೋನೂ ಬೇಡವೆಂದರೆ ಅದಕ್ಕಿಂತ ದೊಡ್ಡ ಕೆಲಸ ಏನೋ ಇರಬೇಕು.

ಬೆಳಗಾಗುತ್ತಲೇ ನಿಮ್ಮಪ್ಪ ಮೋಟಾರ್ ರಿಪೇರಿ ಎಂದು ಹೇಳಿ ಗಾಡಿ ಹತ್ತಿ ಕನಕಪುರಕ್ಕೆ ಹೊರಟುಹೋದ. ನಿಮ್ಮಮ್ಮ ನನಗೆ ಚಿತ್ರಾನ್ನ ಕಟ್ಟಿಕೊಟ್ಟಳು. ಬಿಚ್ಚಿ ನೋಡಿದೆ. ಯಾವಾಗಲೂ ಎಣಿಸಿ ಹಾಕುವವಳು ಅವತ್ತು ಕಡಲೆಬೀಜವನ್ನು ಕೈತುಂಬ ಸುರಿದಿದ್ದಳು! ಕಡಲೆಬೀಜ ನೋಡಿದ ಮೇಲೆ ನನಗೆ ಸಂಶಯ ಉಳಿಯಲಿಲ್ಲ. ಕೆಂಪಿಯನ್ನು ಇವತ್ತು ಮಾರುತ್ತಾರೆ. ನನ್ನೆದುರಿಗೆ ಮಾರಿದರೆ ಅಳುತ್ತೇನೆಂದು ನನ್ನನ್ನು ದೇವಸ್ಥಾನಕ್ಕೆ ಸಾಗಹಾಕುತ್ತಿದ್ದಾರೆ.

ನಾನು ಏನೂ ತೋರಿಸಿಕೊಳ್ಳಲಿಲ್ಲ. ಒಳ್ಳೆಯ ಸೀರೆ ಉಟ್ಟೆ. ಕೆಂಪಿಯ ಹಣೆ ಸವರಿ, ಗಾಬರಿಯಾಗಬೇಡ, ಬರುತ್ತೇನೆ ಎಂದು ಕಿವಿಯಲ್ಲಿ ಹೇಳಿದೆ. ನನ್ನ ಉಪಾಯ ಬಹಳ ಸರಳವಾಗಿತ್ತು. ಎಲ್ಲರೂ ನೋಡುವಂತೆ ಬಸ್ಸು ಹತ್ತುವುದು. ಕೆರೆ ಏರಿಯ ಹತ್ತಿರ ಇಳಿದುಬಿಡುವುದು. ಹಿಂದಿನಿಂದ ಬಂದು ಕಳ್ಳತನವನ್ನು ಕೈಯಾರೆ ಹಿಡಿಯುವುದು.

ಬಸ್ಸು ಹತ್ತುವುದು ಸಲೀಸಾಗಿ ಆಯಿತು. ಎದುರು ಮನೆಯ ಜಯಮ್ಮ ನೋಡಿದಳು, ಸಾಕಷ್ಟು ಜನ ನೋಡಿದರು. ಕಂಡಕ್ಟರ್ ಕಬ್ಬಾಳಿಗೆ ಸೊನ್ನೆ ಟಿಕೆಟ್ ಹರಿದು ಕೊಟ್ಟ. ಕೆರೆ ಏರಿ ಬಂತು. ಇಲ್ಲಿ ನಿಲ್ಲಿಸಿ ಎನ್ನಬೇಕು. ಬಸ್ಸಿನ ತುಂಬ ಜನ. ಅಷ್ಟು ಜನರ ನಡುವೆ ಗಂಟಲೆತ್ತಿ ಕೂಗುವುದು ಹೇಗೆ? ಬಾಯಿ ತೆರೆದೆ, ಗಾಳಿ ಬಂತು, ಮಾತು ಬರಲಿಲ್ಲ. ಕೆರೆ ಏರಿ ಹಿಂದಕ್ಕೆ ಹೋಯಿತು. ಬಸ್ಸು ಸಾತನೂರಿಗೆ ಹೋಗಿ ತಾನಾಗಿ ನಿಂತಾಗಲೇ ನಾನು ಇಳಿದದ್ದು.

"ಅಜ್ಜಿ, ಕಬ್ಬಾಳಿಗೆ ಟಿಕೆಟ್ ಕೊಟ್ಟಿವ್ನಿ. ಇಲ್ಯಾಕ್ ಇಳೀತಿದ್ದೀರಿ?" ಎಂದ ಕಂಡಕ್ಟರ್.

"ಒಂದು ಮರ್ತ್ ಬಂದೆ ಕಣಪ್ಪ" ಎಂದೆ.

"ಏನು?"

ಏನೆಂದು ಹೇಳಲಿ? ಹಸು ಎಂದುಬಿಟ್ಟೆ. ಬಸ್ಸು ಹೊರಟ ಮೇಲೂ ಅವನು ಹಿಂದಿನ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದ.

ವಾಪಸ್ಸು ಬಸ್ಸು ಹತ್ತಿದರೆ ಊರ ಮುಂದೆಯೇ ಇಳಿಯಬೇಕು, ಗುಟ್ಟು ರಟ್ಟಾಗುತ್ತದೆ. ನಡೆದೆ. ರಸ್ತೆಯಲ್ಲಿ ಗುರುತಿನವರು ಸಿಗುತ್ತಾರೆಂದು ಹೊಲದ ಬದುವಿನ ಮೇಲೆ ನಡೆದೆ. ಬಿಸಿಲಿಗೆ ಸೆರಗನ್ನು ಮುಖ ಮುಚ್ಚುವ ಹಾಗೆ ಹೊದ್ದುಕೊಂಡಿದ್ದೆ. ಹಿಪ್ಪುನೇರಳೆ ತೋಟ ಬಂದಾಗ ಸೊಂಟ ಬಗ್ಗಿಸಿ ಸಾಲಿನೊಳಗೆ ನುಗ್ಗಿದೆ. ಸೊಪ್ಪಿಗೆ ಬರ ಬಂದಿದ್ದ ಸಮಯ ಅದು. ಆ ವಾರ ಎರಡು ಮೂರು ತೋಟಗಳಲ್ಲಿ ಯಾರೋ ಕದ್ದು ಸೊಪ್ಪು ಕೊಯ್ದಿದ್ದರು. ಅಂಥ ವಾರದಲ್ಲಿ ಮುಖ ಮುಚ್ಚಿಕೊಂಡು, ಕೈಯಲ್ಲಿ ಚೀಲ ಹಿಡಿದು, ಇನ್ನೊಬ್ಬರ ತೋಟದಲ್ಲಿ ಬಗ್ಗಿ ನಡೆಯಬಾರದು ಎನ್ನುವ ತಿಳಿವಳಿಕೆ ನನಗೆ ಇರಬೇಕಿತ್ತು.

ಮೊದಲು ಬಂದದ್ದು ಮಣ್ಣಿನ ಹೆಂಟೆ. ಬೆನ್ನಿಗೆ ಬಿತ್ತು. ಆಮೇಲೆ ದನಿ ಬಂತು.

"ಯಾರ್ಲಾ ಅದು, ಸೊಪ್ಪಿಗೆ ಕೈ ಹಾಕಿರದು? ಎದ್ದು ನಿಂತ್ಕಳ್ಲಾ!"

ಪುಟ್ಟಮಾದಣ್ಣ. ನಿಮ್ಮ ತಾತನ ಚಿಕ್ಕಪ್ಪನ ಮಗ, ನನಗೆ ಮೈದುನನಾಗಬೇಕು. ಕೈಯಲ್ಲಿ ಕುಡುಗೋಲು ಹಿಡಿದು ಬಂದವನು ನನ್ನ ಮುಖ ನೋಡಿ ಎರಡು ಹೆಜ್ಜೆ ಹಿಂದಕ್ಕೆ ಸರಿದ.

"ಅತ್ತಿಗೆ! ನೀವು ಕಬ್ಬಾಳಿಗೋದ್ರಿ ಅಂತ ಜಯಮ್ಮ ಅಂದ್ಲಲ್ಲ?"

"ಹೋಯ್ತಾ ಇವ್ನಿ" ಎಂದೆ.

ಅವನು ಕಬ್ಬಾಳು ಇರುವ ದಿಕ್ಕನ್ನು ನೋಡಿದ. ನನ್ನ ಮುಖ ಇದ್ದ ದಿಕ್ಕನ್ನು ನೋಡಿದ. ನನ್ನ ಚೀಲವನ್ನೂ ನೋಡಿದ. ಹೆಣ್ಣುಮಕ್ಕಳ ಚೀಲ ಬಿಚ್ಚಿಸುವುದು ಹೇಗೆಂದು ಸಂಕೋಚಪಟ್ಟುಕೊಂಡದ್ದು ನನಗೆ ಕಾಣುತ್ತಿತ್ತು. ನಾನೇ ಬಿಚ್ಚಿ ಚಿತ್ರಾನ್ನ ತೋರಿಸಿದೆ. ಕದ್ದ ಸೊಪ್ಪಿಲ್ಲದ್ದು ನೋಡಿ ಅವನ ಸಂಶಯ ಇನ್ನೂ ಹೆಚ್ಚಾಯಿತು. ವಿಷಯವನ್ನು ಅವನ ಕಿವಿಗೆ ಹಾಕದೆ ಬೇರೆ ದಾರಿ ಉಳಿಯಲಿಲ್ಲ. ಕೇಳಿಸಿಕೊಂಡು, ಅಣ್ಣ ತಂದ ಹಸುವನ್ನು ಕದ್ದು ಮಾರುವುದೆಂದರೆ ತಮಾಷೆಯೇ, ನಡೀರಿ ನಾನೂ ಬತ್ತೀನಿ ಎಂದು ಕುಡುಗೋಲಿನ ಸಮೇತ ನನ್ನ ಹಿಂದೆ ಹೊರಟ. ಒಬ್ಬಳೇ ಗುಟ್ಟಾಗಿ ಹೋಗಬೇಕಾದ ಕಡೆಗೆ ಈಗ ಒಂದು ದಂಡು ಹೊರಟಿತು.

ಹಿತ್ತಿಲ ಕಡೆಯಿಂದ ಬಂದು ನೋಡಿದರೆ ಕೆಂಪಿ ಕೊಟ್ಟಿಗೆಯಲ್ಲಿ ಮೆಲುಕು ಹಾಕುತ್ತ ನಿಂತಿದ್ದಳು. ನನಗೆ ಕಣ್ಣೀರು ಬಂತು. ದಲ್ಲಾಳಿ ಇನ್ನೂ ಬಂದಿಲ್ಲ, ಬರುವ ಮೊದಲು ಹಸುವನ್ನು ಎಲ್ಲಾದರೂ ಬಚ್ಚಿಡಬೇಕು ಎಂದು ಹಗ್ಗವನ್ನು ಗೂಟದಿಂದ ಬಿಚ್ಚಿದೆ. ಅಷ್ಟರಲ್ಲಿ ಪುಟ್ಟಮಾದಣ್ಣ ಪಿಸುಗುಟ್ಟಿದ. ಹಿತ್ತಿಲ ಬಾಗಿಲು ಒಳಗಿನಿಂದ ಚಿಲಕ ಹಾಕಿದೆ. ಅವನು ಮುಂದೆ ಹೋಗಿ ನೋಡಿ ಬಂದ. ಮುಂಬಾಗಿಲೂ ಹಾಕಿದೆ.

ಹಗಲು ಹೊತ್ತು ಬಾಗಿಲು ಹಾಕುವ ಮನೆ ನಮ್ಮೂರಲ್ಲಿ ಎಲ್ಲಿದೆ? ಸಾವಾದ ಮನೆಯಲ್ಲೂ ಹಾಕುವುದಿಲ್ಲ. ನಾನು ಹಗ್ಗವನ್ನು ಕೈಬಿಟ್ಟು ಕಿಟಕಿಯ ಹತ್ತಿರ ಓಡಿದೆ.

ಕಿಟಕಿಯಿಂದ ನನಗೆ ಕಂಡದ್ದು ಎರಡು ಪಾದ. ನಿಮ್ಮಮ್ಮನ ಪಾದ. ಅವು ನನ್ನ ಮಂಚದ ಮೇಲೆ, ನೆಟ್ಟಗೆ, ಅಲುಗಾಡದೆ ಇದ್ದವು.

ಈಗ ನೀವು ಒಂದು ವಿಷಯ ತಿಳಿದುಕೊಳ್ಳಬೇಕು. ಮನೆಯಲ್ಲಿ ಹುಳು ಇರುವಾಗ ಹೆಂಗಸರು ಹಗಲು ಮಲಗಬಾರದು, ಮಲಗಿದರೆ ಹುಳುವೂ ಮಂಕಾಗುತ್ತದೆ ಎಂದು ನನ್ನ ಅತ್ತೆ ನನಗೆ ಹೇಳಿದ್ದರು. ಅದನ್ನೇ ನಾನು ನಿಮ್ಮಮ್ಮನಿಗೆ ಹೇಳಿದ್ದೆ. ಮದುವೆಯಾಗಿ ಬಂದಾಗಿನಿಂದ ಅವಳು ಹಗಲಿನಲ್ಲಿ ತಲೆ ನೆಲಕ್ಕೆ ಕೊಟ್ಟದ್ದನ್ನು ನಾನು ಕಂಡಿಲ್ಲ. ತಲೆನೋವಿದ್ದರೂ ಕೂತೇ ಇರುವಳು. ಅಂಥವಳು ಹನ್ನೊಂದು ಗಂಟೆಯ ಬಿಸಿಲಿನಲ್ಲಿ, ಬಾಗಿಲು ಹಾಕಿಕೊಂಡು, ಅತ್ತೆಯ ಮಂಚದ ಮೇಲೆ ಕಾಲು ಚಾಚಿ ಮಲಗಿದ್ದಾಳೆಂದರೆ ನಾನು ಏನು ತಿಳಿಯಬೇಕು? ಮಲಗಿದ್ದಾಳೆ ಎಂದು ತಿಳಿಯಬೇಕಿತ್ತು. ಆ ಯೋಚನೆಯೊಂದು ಬಿಟ್ಟು ಉಳಿದೆಲ್ಲ ಬಂತು.

"ಸವಿತಾ" ಎಂದು ಮೆಲ್ಲಗೆ ಕರೆದೆ. ಪಾದ ಅಲ್ಲಾಡಲಿಲ್ಲ. ಇನ್ನೊಂದು ಸಲ ಕರೆದೆ. ಇಲ್ಲ. ಬಸ್ಸಿನಲ್ಲಿ ನಿಲ್ಲಿಸಿ ಎನ್ನಲು ಬಾರದ ಈ ಗಂಟಲಿನಿಂದ ಆಗ ಬಂದ ಕೂಗು ಡೈರಿಯವರೆಗೂ ಕೇಳಿಸಿತಂತೆ. "ಅಯ್ಯೋ ನನ್ ಸೊಸೆ ಹೋಗ್ಬುಟ್ಲು!"

ಪುಟ್ಟಮಾದಣ್ಣ ಹಿಂದೆ ಮುಂದೆ ನೋಡದೆ ಹಿತ್ತಿಲ ಬಾಗಿಲಿಗೆ ಭುಜ ಕೊಟ್ಟ. ನಿಮ್ಮ ಮುತ್ತಾತನ ಕಾಲದ ಬಾಗಿಲು ಅದು. ಚಿಲಕ ಬಿಡಲಿಲ್ಲ, ಬಾಗಿಲನ್ನು ಚೌಕಟ್ಟಿಗೆ ಹಿಡಿದಿದ್ದ ತಿರುಗಣಿ ಬಿಟ್ಟಿತು. ಬಾಗಿಲು, ಪುಟ್ಟಮಾದಣ್ಣ, ಅದರ ಹಿಂದಿದ್ದ ನೀರಿನ ಕೊಡ, ಮೂರೂ ಒಟ್ಟಿಗೆ ಒಳಗೆ ಬಿದ್ದವು. ಎದ್ದು ಓಡಿಬಂದ ನಿಮ್ಮಮ್ಮನಿಗೆ ಕಂಡದ್ದು, ಅಡುಗೆಮನೆಯಲ್ಲಿ ಕುಡುಗೋಲು ಹಿಡಿದು ಬಿದ್ದಿರುವ ಒಬ್ಬ ಗಂಡಸು. ಕೈಗೆ ಸಿಕ್ಕಿದ ಮುದ್ದೆಕೋಲನ್ನು ತೆಗೆದುಕೊಂಡು ಅವನ ಮುಂಗೈಗೆ ಬಿಟ್ಟಳು. ಅವಳನ್ನು ದೂಷಿಸುವಂತಿಲ್ಲ.

ಅಷ್ಟು ಹೊತ್ತಿಗೆ ಬೀದಿಯೇ ನಮ್ಮ ಮನೆಯೊಳಗಿತ್ತು. ಸೊಸೆ ಬದುಕಿದ್ದಾಳೆ, ನಿಂತಿದ್ದಾಳೆ, ಹೊಡೆಯುತ್ತಿದ್ದಾಳೆ ಎಂದು ಎಲ್ಲರಿಗೂ ಕಾಣುತ್ತಿತ್ತು. ಆದರೂ ಸತ್ತಳೆಂದು ಕೇಳಿ ಓಡಿ ಬಂದವರು ಸುಮ್ಮನೆ ವಾಪಸ್ಸು ಹೋಗುವುದುಂಟೆ? ಜಯಮ್ಮ ಈರುಳ್ಳಿ ಒಡೆದು ಅವಳ ಮೂಗಿಗೆ ಹಿಡಿದಳು. ಇನ್ನೊಬ್ಬರು ಬೀಗದ ಕೈ ಗೊಂಚಲನ್ನು ಅವಳ ಕೈಯಲ್ಲಿ ತುರುಕಿ ಮುಷ್ಟಿ ಮುಚ್ಚಿಸಿದರು. ಯಾರೋ ಆಂಬ್ಯುಲೆನ್ಸಿಗೆ ಫೋನು ಮಾಡಿ ಆಗಿತ್ತು. ಏನಾಗಿತ್ತು, ಏನಾಗಿತ್ತು ಎಂದು ಎಲ್ಲರೂ ಒಟ್ಟಿಗೆ ಕೇಳುತ್ತಿದ್ದರು.

"ಏನಿಲ್ಲ" ಎಂದಳು ನಿಮ್ಮಮ್ಮ. ಕಣ್ಣು ಕೆಂಪಾಗಿತ್ತು, ಈರುಳ್ಳಿಗೋ ಏನೋ. "ನಿದ್ದೆ ಮಾಡ್ತಿದ್ದೆ."

ಸತ್ತಿದ್ದರೆ ಅಯ್ಯೋ ಪಾಪ ಎನ್ನುತ್ತಿದ್ದ ಹೆಂಗಸರೆಲ್ಲ ಈಗ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಗಲು ಹೊತ್ತು. ಹುಳು ಇಟ್ಟುಕೊಂಡು. ಅತ್ತೆಯನ್ನು ಬಸ್ಸು ಹತ್ತಿಸಿ, ಬಾಗಿಲು ಹಾಕಿಕೊಂಡು. ಹೊರಗೆ ಹೋದ ಮೇಲೆ ಇವರು ಏನೇನು ಹೇಳುತ್ತಾರೆಂದು ಅವರ ಮುಖದ ಮೇಲೆ ಬರೆದಂತಿತ್ತು. ನಿಮ್ಮಮ್ಮ ತಲೆ ತಗ್ಗಿಸಿದಳು. ಅವಳ ತಲೆ ತಗ್ಗಿದ್ದನ್ನು ನೋಡಿ ನಾನು ಜನರನ್ನು ಸರಿಸಿಕೊಂಡು ಹೋಗಿ ಅವಳ ಪಕ್ಕ ನಿಂತೆ.

"ನಾನೇ ಮಲಗು ಅಂದು ಹೋಗಿದ್ದೆ" ಎಂದೆ.

ಅಷ್ಟು ಜನರ ಮುಂದೆ ನಾನು ಆಡಿದ ಮೊದಲ ಮಾತು ಅದು. ಅದೂ ಸುಳ್ಳು. ಜಯಮ್ಮ ಬಿಡಲಿಲ್ಲ.

"ನೀನೇ ಮಲಗು ಅಂದಿದ್ರೆ, ಮಲಗಿದ್ ಕಂಡು ಹೋಗ್ಬುಟ್ಲು ಅಂತ ಯಾಕ್ ಬಡ್ಕಂಡೆ ನಿಂಗಕ್ಕ?"

ಪುಣ್ಯಕ್ಕೆ ಆಂಬ್ಯುಲೆನ್ಸ್ ಬಂತು. ಬಂದ ಹುಡುಗಿ ನಿಮ್ಮಮ್ಮನ ಬಿ.ಪಿ. ನೋಡಿದಳು, ಚೆನ್ನಾಗಿದೆ ಎಂದಳು. ಪುಟ್ಟಮಾದಣ್ಣನ ಮುಂಗೈಗೆ ಪಟ್ಟಿ ಸುತ್ತಿದಳು. ಬಂದದ್ದೇ ಬಂದದ್ದು ಎಂದು ನನ್ನ ಬಿ.ಪಿ.ಯನ್ನೂ ನೋಡಿ ಹುಬ್ಬೇರಿಸಿದಳು. ಅಜ್ಜಿ ಏಳಬಾರದು, ಸಂಜೆಯವರೆಗೂ ಮಲಗಿರಬೇಕು ಎಂದು ಅಪ್ಪಣೆಯಾಯಿತು. ಹೀಗೆ ಹುಳು ಇರುವ ಮನೆಯಲ್ಲಿ, ಹಗಲು ಹೊತ್ತು, ಇಡೀ ಬೀದಿಯ ಸಮ್ಮುಖದಲ್ಲಿ ನನ್ನನ್ನು ಮಂಚದ ಮೇಲೆ ಮಲಗಿಸಲಾಯಿತು. ಮಂಚ ಇನ್ನೂ ಬೆಚ್ಚಗಿತ್ತು.

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ನಾನು ಗೂಟದಿಂದ ಬಿಚ್ಚಿ ಕೈಬಿಟ್ಟಿದ್ದ ಹಗ್ಗದ ಇನ್ನೊಂದು ತುದಿಯಲ್ಲಿ ಕೆಂಪಿ ಇದ್ದಳು, ಅದನ್ನು ಎಲ್ಲರೂ ಮರೆತಿದ್ದೆವು. ಹುಳು ಜ್ವರ ಎದ್ದ ಕೂಡಲೇ ಹಾಕಲೆಂದು ನಿಮ್ಮಪ್ಪ ಬೆಳಗಿನ ಜಾವವೇ ಸೊಪ್ಪು ಕೊಯ್ದು, ಕಂತೆ ಕಟ್ಟಿ, ಒದ್ದೆ ಗೋಣಿ ಹೊದಿಸಿ ಚಪ್ಪರದ ಕೆಳಗೆ ಇಟ್ಟು ಹೋಗಿದ್ದ. ಕೆಂಪಿ ಗೋಣಿಯನ್ನು ಪಕ್ಕಕ್ಕೆ ಸರಿಸಿದ್ದಳು. ಹಾಲು ಬತ್ತಿರಬಹುದು, ಹಸಿವು ಬತ್ತಿರಲಿಲ್ಲ. ಉಳಿದದ್ದನ್ನು ತುಳಿದು ಅದರ ಮೇಲೆಯೇ ಮಲಗಿದ್ದಳು.

ನಿಮ್ಮಪ್ಪನಿಗೆ ಕನಕಪುರದಲ್ಲಿ ಸುದ್ದಿ ಮುಟ್ಟಿದ್ದು ಹೆಂಡತಿ ಹೋದಳೆಂದು. ದಾರಿಯಲ್ಲಿ ಸಿಕ್ಕವರು, ಹೋದದ್ದು ಹೆಂಡತಿಯಲ್ಲ, ತಾಯಿ ಎಂದರು. ಬಂದು ನೋಡಿದರೆ ಇಬ್ಬರೂ ಇದ್ದೇವೆ, ಬಾಗಿಲಿಲ್ಲ, ಸೊಪ್ಪಿಲ್ಲ. ಏನು ನಡೆಯಿತೆಂದು ಪುಟ್ಟಮಾದಣ್ಣ ವರದಿ ಒಪ್ಪಿಸಿದ. ಆ ದಲ್ಲಾಳಿ ಬಂದದ್ದು ತನ್ನ ಮನೆಯ ಕಡಸು ನೋಡಲು, ದಾರಿಯಲ್ಲಿ ಕಂಡ ದನದ ಹಲ್ಲನ್ನೆಲ್ಲ ನೋಡುವುದು ಅವನ ಚಟ ಎನ್ನುವುದನ್ನೂ ಈಗಲೇ ಹೇಳಿದ. ತೋಟದಲ್ಲೇ ಯಾಕೆ ಹೇಳಲಿಲ್ಲವೆಂದರೆ, ಅತ್ತಿಗೆ ದಲ್ಲಾಳಿಯ ಹೆಸರೇ ಎತ್ತಲಿಲ್ಲವಲ್ಲ ಎಂದ. ಅದೂ ನಿಜ. ಕಡಲೆಬೀಜದ ವಿಷಯವೇ ಹೆಚ್ಚು ಹೇಳಿದ್ದೆ.

ನಿಮ್ಮಪ್ಪ ನನ್ನ ಮಂಚದ ಹತ್ತಿರ ಬಂದು ನಿಂತ.

"ಅವ್ವ, ಹಸ ಮಾರೋ ಯೋಚ್ನೆ ನಂಗೆ ಕನಸಲ್ಲೂ ಇರ್ನಿಲ್ಲ" ಎಂದ. ಒಂದು ಗಳಿಗೆ ಚಪ್ಪರದ ಕಡೆ ನೋಡಿದ. "ಈಗ ಬಂತು. ನಾಳೆನೇ ಹೊಡ್ಕಂಡೋಗಿ ಮಾರ್ಬುಡ್ತೀನಿ."

ನೋಡಿ ಮಕ್ಕಳೇ, ಯಾರ ತಲೆಯಲ್ಲೂ ಇಲ್ಲದ ಯೋಚನೆಯನ್ನು ನಾನು ಬಿಸಿಲಲ್ಲಿ ನಡೆದು, ಹೆಂಟೆಯೇಟು ತಿಂದು, ಬಾಗಿಲು ಮುರಿಸಿ, ಅವನ ತಲೆಗೆ ತಲುಪಿಸಿದ್ದೆ. ಬೇಡವೆನ್ನಲು ನನಗೆ ಯಾವ ಮುಖವಿತ್ತು? ಗೋಡೆಯ ಕಡೆ ತಿರುಗಿ ಕಣ್ಣು ಮುಚ್ಚಿಕೊಂಡೆ. ಹಗಲು ಹೊತ್ತು ಕಣ್ಣು ಮುಚ್ಚಿ ಮಲಗುವುದು ಎಂಥ ಕಷ್ಟದ ಕೆಲಸವೆಂದು ಆಗ ತಿಳಿಯಿತು. ನಿಮ್ಮಮ್ಮನಿಗೆ ಅಷ್ಟು ಗಾಢವಾಗಿ ಬಂದಿತ್ತೆಂದರೆ ಅವಳೆಷ್ಟು ದಣಿದಿದ್ದಳೋ.

ಅಡುಗೆಮನೆಯ ಬಾಗಿಲಿನಿಂದ ಅವಳ ದನಿ ಬಂತು. ನಾನು ನಿದ್ದೆ ಮಾಡುತ್ತಿದ್ದೇನೆಂದು ತಿಳಿದಿದ್ದಳೋ, ಮಾಡುತ್ತಿಲ್ಲವೆಂದು ತಿಳಿದಿದ್ದಳೋ, ಈಗಲೂ ನನಗೆ ಅನುಮಾನ.

"ಹಸ ಎಲ್ಲೂ ಹೋಗಕಿಲ್ಲ. ಇರ್ಲಿ."

"ಸೊಪ್ಪೆಲ್ಲ ತಿಂದಾಕೈತೆ. ಹಾಲಂತೂ ಇಲ್ಲ. ಅದ್ರಿಂದ ಏನ್ ಪ್ರಯೋಜ್ನ ಐತೆ ಹೇಳು?"

"ಐತೆ. ಅತ್ತೆ ಬೆಳಗಿಂದ ಬೈಗಿನ ತಂಕ ಅದರ ಹಿಂದೆ ಓಡಾಡ್ಕಂಡವ್ರೆ. ಅದನ್ನ ಮಾರ್ಬುಟ್ರೆ, ಅಷ್ಟೊತ್ತೂ ನನ್ನೇ ನೋಡ್ಕಂಡ್ ಕೂತ್ಕತಾರೆ. ಆಗ ನಾನೆಲ್ಲೋಗ್ಲಿ?"

ನಿಮ್ಮಪ್ಪ ಗಾಡಿ ಹತ್ತಿ ಯಾರದಾದರೂ ತೋಟದಲ್ಲಿ ಸೊಪ್ಪು ಸಿಗುತ್ತದೆಯೇ ನೋಡಲು ಹೋದ. ನಾನು ಗೋಡೆ ನೋಡುತ್ತ ಮಲಗಿಯೇ ಇದ್ದೆ. ಅವಳಿಗೆ ಬಿಡುವು ಬೇಕಾಗಿದ್ದದ್ದು ಹುಳುವಿನಿಂದಲ್ಲ, ಸೊಪ್ಪಿನ ಹೊರೆಯಿಂದಲೂ ಅಲ್ಲ. ಅವೆರಡೂ ಅವಳು ಮಲಗಿದರೆ ಕಣ್ಣು ಬಿಟ್ಟು ನೋಡುವುದಿಲ್ಲ.

ಕೆಂಪಿ ಉಳಿದಳು. ಯಾವ ಆಧಾರದ ಮೇಲೆ ಉಳಿದಳೆಂದು ನೀವೀಗ ಓದಿದಿರಿ. ಈಗ ಹುಳು ಜ್ವರಕ್ಕೆ ಕೂತ ದಿನ ಯಾರೂ ಹೇಳದೆಯೇ ನಾನು ಅವಳ ಹಗ್ಗ ಹಿಡಿದು ಕೆರೆಯ ಕಡೆ ಹೊರಟುಬಿಡುತ್ತೇನೆ, ಬೈಗಾಗುವವರೆಗೆ ತಿರುಗಿ ನೋಡುವುದಿಲ್ಲ. ದಾರಿಯಲ್ಲಿ ಜಯಮ್ಮ ಸಿಕ್ಕಿ, ಹಸು ಮೇಯಿಸಲು ಹೊರಟೆಯಾ ನಿಂಗಕ್ಕ ಎಂದು ಕೇಳುತ್ತಾಳೆ. ಹೌದೆನ್ನುತ್ತೇನೆ. ನಿಜವಾಗಿ ನಮ್ಮಿಬ್ಬರಲ್ಲಿ ಮನೆಯಿಂದ ಆಚೆ ಹೊಡೆದುಕೊಂಡು ಹೋಗುತ್ತಿರುವುದು ಯಾರು ಯಾರನ್ನು ಎನ್ನುವುದು ಕೆಂಪಿಗೆ ಗೊತ್ತು. ಅವಳು ಯಾರಿಗೂ ಹೇಳುವುದಿಲ್ಲ.